ಅರ್ಧ ಬೋಳಿಸಿದ ತಲೆ

ಸಾವಿನ ಮನೆಗೆ ಹೊರಟ ರಾಜೇಂದ್ರ ಇಸ್ತ್ರಿ ಮಾಡಿದ ಬಿಳಿ ಕೋಟು ಹಾಕಿಕೊಂಡ. ಉಗುರು ಬೆಳೆದಿದೆಯೇ ಎಂದು ನೋಡಿಕೊಂಡ. ಒಗೆದ ಬೆಡ್‌ಶೀಟು, ಟವಲು, ಸೋಪು, ಎಳ್ಳೆಣ್ಣೆಯ ಬಾಟಲಿ, ಎಲ್ಲ ಚೀಲಕ್ಕೆ ಹಾಕಿಕೊಂಡ. ಹೆಣಕ್ಕೆ ಮಾಲೀಸು ಮಾಡಲು ಹೊರಟಿದ್ದಾನೇನಪ್ಪಾ ಇವನು ಎಂದು ನೀವು ನಗಬಹುದು. ನಗಿ. ಅವನು ಪೆದ್ದನೇ. ಆದರೆ ಆ ಪೆದ್ದುತನ ಎಲ್ಲಿಂದ ಬಂತು ಎಂದು ಕೇಳಿಸಿಕೊಂಡು ಆಮೇಲೆ ನಗಿ.

ಬೆಳಿಗ್ಗೆ ಫೋನು ಮಾಡಿದ್ದು ಸಿಂಚನಾ, ಆರ್‌ಪಿಸಿ ಲೇಔಟಿನ ಗೋಪೀನಾಥ ಮೇಷ್ಟ್ರ ಮೊಮ್ಮಗಳು. ಅಳುತ್ತಲೇ ಮಾತಾಡಿದಳು.

“ಅಂಕಲ್, ತಾತ ಹೋಗ್ಬಿಟ್ರು. ನೀವು ಬೇಗ ಬರ್ಬೇಕಂತೆ. ನೀವೇ ಬೇಕಂತೆ, ಅಪ್ಪ ಹೇಳ್ತಿದಾರೆ.”

ನೀವೇ ಬೇಕಂತೆ. ಆ ಮಾತು ರಾಜೇಂದ್ರನ ಎದೆಯಲ್ಲಿ ಕೂತುಬಿಟ್ಟಿತು. ಮೇಷ್ಟ್ರ ಬಲಗೈ ಮೊಣಕೈಯಲ್ಲಿ ಮಡಿಚಿಕೊಂಡಿತ್ತು. ಬೆರಳು ಮುಷ್ಟಿಯಾಗಿ ಬಿಗಿದಿದ್ದವು. ಅದನ್ನು ನೋಯಿಸದೆ ಬಿಡಿಸಲು ಆ ಮನೆಯಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ. ಅದಕ್ಕೇ ಕರೆಯುತ್ತಿದ್ದಾರೆ, ಕೊನೆಯ ಸ್ನಾನಕ್ಕೆ ನನ್ನ ಕೈ ಬೇಕಾಗಿದೆ ಎಂದುಕೊಂಡ. ಕೆಂಗೇರಿಯಲ್ಲಿ ಮೆಟ್ರೋ ಹತ್ತಿದವನು ದಾರಿಯುದ್ದಕ್ಕೂ ಕಣ್ಣೊರೆಸಿಕೊಂಡ.

ಮಸಾಜ್ ಎಂದ ಕೂಡಲೇ ಕಣ್ಣು ಹೊಡೆದು ನಗುವ ಜನ ಇದ್ದಾರೆ. ಅವರಿಗಾಗಿ ಹೇಳುತ್ತೇನೆ. ರಾಜೇಂದ್ರನದು ಲಕ್ವ ಹೊಡೆದು ಮಲಗಿದವರ, ಬಿದ್ದು ಸೊಂಟ ಮುರಿದುಕೊಂಡವರ ಮನೆಗೆ ಹೋಗಿ ಡಾಕ್ಟರು ಹೇಳಿದ ಹಾಗೆ ಕೈಕಾಲು ನೀವುವ ಕೆಲಸ. ಕೋರ್ಸು ಮಾಡಿ ಕಲಿತದ್ದು. ಮೊಣಕೈವರೆಗೆ ಸೋಪು ಹಾಕಿ ತೊಳೆಯದೆ ರೋಗಿಯನ್ನು ಮುಟ್ಟಬಾರದು. ಒಬ್ಬರಿಗೆ ಹಾಸಿದ ಬಟ್ಟೆ ಇನ್ನೊಬ್ಬರಿಗೆ ಹಾಸಬಾರದು. ನೀವುವ ಭಾಗ ಬಿಟ್ಟು ಉಳಿದ ಮೈ ಮುಚ್ಚಿರಬೇಕು. ಮುಟ್ಟುವ ಮೊದಲು ಕೇಳಬೇಕು, ಮಾತು ಬಾರದವರನ್ನೂ ಕೇಳಬೇಕು. ಕಾಲು ಊದಿ ಬಿಸಿಯಾಗಿದ್ದರೆ ಕೈ ಹಾಕದೆ ಡಾಕ್ಟರಿಗೆ ಹೇಳಬೇಕು. ಒಂದು ಮನೆಯ ಮಾತು ಇನ್ನೊಂದು ಮನೆಗೆ ಒಯ್ಯಬಾರದು. ಇಷ್ಟನ್ನೂ ಅವನು ಆಣೆ ಇಟ್ಟವನ ಹಾಗೆ ಪಾಲಿಸುತ್ತಿದ್ದ.

ಅದಕ್ಕೊಂದು ಕಾರಣ ಇತ್ತು. ಅವನ ಅಪ್ಪ ಅಂಜಿನಯ್ಯ ಕೆಂಗೇರಿಯ ಹಳೇ ಊರಿನಲ್ಲಿ ಕ್ಷೌರ ಮಾಡಿ ಬದುಕಿದವನು. ದೊಡ್ಡವರ ಮನೆ ಬಾಗಿಲೊಳಗೆ ಕಾಲಿಡದೆ ಹಿತ್ತಿಲಲ್ಲೇ ಕುಕ್ಕರುಗಾಲಲ್ಲಿ ಕೂತು ತಾತ, ಮಗ, ಮೊಮ್ಮಗ ಎಲ್ಲರ ತಲೆ ಬೋಳಿಸಿದವನು. ಬೆಳಿಗ್ಗೆ ಎದ್ದು ಅವನ ಮುಖ ನೋಡಿದರೆ ಕೆಡುಕು ಎಂದು ಜನ ದಾರಿ ತಪ್ಪಿಸಿ ಹೋಗುತ್ತಿದ್ದರು. ಮನೆಯಲ್ಲಿ ಹೆಣ ಬಿದ್ದರೆ ಅದೇ ಜನ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಮಗನನ್ನು ಓದಿಸಿದ ಆ ಅಪ್ಪ ಹೇಳಿದ್ದು ಒಂದೇ ಮಾತು. “ನೀನು ಕತ್ತಿ ಹಿಡೀಬೇಡ ಕಣೋ. ನನ್ ಕಾಲಕ್ಕೇ ಮುಗ್ದೋಗ್ಲಿ.” ಮಗ ಕತ್ತಿ ಹಿಡಿಯಲಿಲ್ಲ. ಬಿಳಿ ಕೋಟು ಹಾಕಿದ. ಅಪ್ಪನ ಕೈ ನಡುಗಲು ಶುರುವಾದ ಮೇಲೆ ಅವನ ಪೆಟ್ಟಿಗೆಯನ್ನು ತಾನೇ ಅಟ್ಟಕ್ಕೆ ಹಾಕಿದ.

ಮೇಷ್ಟ್ರ ಮನೆಗೆ ಅವನು ಹೋಗತೊಡಗಿ ವರ್ಷದ ಮೇಲಾಗಿತ್ತು. ಗೋಪೀನಾಥ ಮೇಷ್ಟ್ರು ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ರಿಟೈರಾದವರು. ಸ್ಟ್ರೋಕ್ ಆಗಿ ಮೈಯ ಬಲಭಾಗ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಭಾರದ ಮೈ. ಮಗ್ಗುಲಿಗೆ ತಿರುಗಿಸುವಾಗ ರಾಜೇಂದ್ರನ ಬೆನ್ನು ಹಿಡಿದುಕೊಳ್ಳುತ್ತಿತ್ತು. ಹೆಬ್ಬೆರಳ ಗಂಟು ಊದಿಕೊಂಡು, ಮನೆಗೆ ಹೋದ ಮೇಲೆ ಅನ್ನ ಕಲಸಲೂ ಆಗುತ್ತಿರಲಿಲ್ಲ. ಮೇಷ್ಟ್ರ ಬೆನ್ನಿಗೆ ಹುಣ್ಣಾಗದಂತೆ ನೋಡಿಕೊಂಡವನು ಅವನು. ಬಟ್ಟೆಯಲ್ಲೇ ಎಲ್ಲ ಆಗಿಹೋಗಿ ಮೇಷ್ಟ್ರು ನಾಚಿ ಕಣ್ಣು ಮುಚ್ಚಿಕೊಂಡಾಗ, ಯಾರನ್ನೂ ಕೂಗದೆ ಬಾಗಿಲು ಹಾಕಿ ತೊಳೆದವನೂ ಅವನೇ. “ಏನಾಗಿಲ್ಲ ಬಿಡಿ ಮೇಷ್ಟ್ರೇ, ನಮ್ಮಪ್ಪನಿಗಾಗಿದ್ರೆ ಮಾಡ್ತಿರ್ಲಿಲ್ವಾ?” ಎನ್ನುತ್ತಿದ್ದ.

ಒಂದು ದಿನ ಮೇಷ್ಟ್ರು ಆಡುವ ಕೈಯಿಂದ ಅವನ ತೋಳು ಹಿಡಿದು “ರಾ… ಜ” ಎಂದರು. ಅವರ ಹೆಂಡತಿ ಅನಂತಲಕ್ಷ್ಮಮ್ಮ ಅಡುಗೆಮನೆಯಿಂದ ಓಡಿಬಂದು ಅತ್ತರು. ಕಟ್ಟಿಕೊಂಡವಳ ಹೆಸರಿಗಿಂತ ಮೊದಲು ಬಂದದ್ದು ಮಾಲೀಸಿನವನ ಹೆಸರು. ಅವತ್ತು ರಾಜೇಂದ್ರ ಮೆಟ್ರೋದಲ್ಲಿ ಒಬ್ಬನೇ ನಗುತ್ತ ಮನೆಗೆ ಹೋದ.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಅವನು ಮುಂಬಾಗಿಲಿನಿಂದ ಬರುವಂತಿರಲಿಲ್ಲ. ಪಕ್ಕದ ಓಣಿಯಲ್ಲಿ ಹಿತ್ತಿಲಿಗೆ ಬಂದು, ನಲ್ಲಿಯಲ್ಲಿ ಕೈಕಾಲು ತೊಳೆದು, ಹಿಂಬಾಗಿಲಿನಿಂದ ಮೇಷ್ಟ್ರ ಕೋಣೆಗೆ ಹೋಗಬೇಕು. ಕಾಫಿಗೆ ಅವನದೇ ಒಂದು ಸ್ಟೀಲ್ ಲೋಟ, ನಲ್ಲಿಯ ಪಕ್ಕ ಬೋರಲಾಗಿರುತ್ತಿತ್ತು. ಅವನು ಹೊರಟ ಕೂಡಲೇ ಮೇಷ್ಟ್ರಿಗೆ ಸ್ನಾನ, ಹಾಸಿಗೆ ಬಟ್ಟೆಗೆ ನೀರು, ನೆಲಕ್ಕೆ ನೀರು. ಇದನ್ನೆಲ್ಲ ನೋಡಿ ರಾಜೇಂದ್ರ ಖುಷಿಪಟ್ಟಿದ್ದ! ಬಸವೇಶ್ವರನಗರದ ಒಂದು ಮನೆಯಲ್ಲಿ ಕೈ ತೊಳೆಯಲು ಸೋಪು ಕೇಳಿದರೆ ಮುಖ ಸಿಂಡರಿಸುತ್ತಿದ್ದರು. ಇಲ್ಲಿ ಕೇಳದೆಯೇ ನಲ್ಲಿ, ಕೇಳದೆಯೇ ಸೋಪು. ರೋಗಿಗೆ ಸೋಂಕು ತಗಲಬಾರದು, ಎಣ್ಣೆ ಜಿಡ್ಡು ತೊಳೆದು ತೆಗೆಯಬೇಕು, ಕೋರ್ಸಿನಲ್ಲಿ ಕಲಿಸಿದ ಪಾಠವೇ ಅಲ್ಲವೇ ಇದು? “ಓದಿರೋರ ಮನೆ ಕಣಪ್ಪ, ಶುಚಿ ಅಂದ್ರೆ ಹಂಗಿರ್ಬೇಕು” ಎಂದು ಅಪ್ಪನ ಮುಂದೆ ಹೊಗಳಿದ್ದ. ಅಂಜಿನಯ್ಯ ಬೀಡಿ ಹಚ್ಚಿಕೊಂಡು “ಹೂಂ” ಎಂದ. ಅಷ್ಟೇ.

ಮೇಷ್ಟ್ರು ಹೋದ ಆ ದಿನ ಮನೆಯ ಮುಂದೆ ಬೆಂಕಿ ಹಾಕಿದ್ದರು. ಜನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ಮುಂಬಾಗಿಲು ತೆರೆದೇ ಇತ್ತು. ಇವತ್ತು ಯಾರು ಏನು ಅನ್ನುತ್ತಾರೆ ಎಂದು ರಾಜೇಂದ್ರ ಮೊದಲ ಸಲ ಆ ಮೆಟ್ಟಿಲು ಹತ್ತಿದ. ಹಾಲಿನಲ್ಲಿ ಮೇಷ್ಟ್ರನ್ನು ನೆಲದ ಮೇಲೆ ಮಲಗಿಸಿದ್ದರು. ಮಡಿಚಿದ ಬಲಗೈಯನ್ನು ಯಾರೋ ಎಳೆದಾಡಿ, ಆಗದೆ, ಎದೆಗೆ ಸೇರಿಸಿ ಬಟ್ಟೆಯಿಂದ ಬಿಗಿದಿದ್ದರು. ಮುಷ್ಟಿ ಹಾಗೇ ಇತ್ತು. ರಾಜೇಂದ್ರ ಒಂದು ಕಾಲು ಹೊಸಿಲ ಮೇಲಿಟ್ಟ.

“ಏಯ್, ಏಯ್! ಅಲ್ಲೇ ನಿಲ್ಲು!” ಪುರೋಹಿತರು ಕೈ ಅಡ್ಡ ಹಿಡಿದರು. “ಸ್ನಾನ ಆಗಿದೆ, ಮಂತ್ರ ಆಗಿದೆ. ಮುಟ್ಟೋ ಹಾಗಿಲ್ಲ.”

“ಕೈ ಹಂಗೆ ಬಿಗೀಬಾರ್ದು ಸಾರ್. ಅವ್ರಿಗೆ ನೋವಾಗುತ್ತೆ. ನಾನು ನಿಧಾನಕ್ಕೆ ಬಿಡಿಸ್ತೀನಿ.”

ಸತ್ತವರಿಗೆ ನೋವಾಗುತ್ತದೆ ಎಂದುಬಿಟ್ಟಿದ್ದ. ಯಾರೋ ಕಿಸಕ್ಕೆಂದರು.

“ನಿನ್ನ ಕೆಲಸ ಹಿಂದುಗಡೆ ಇದೆ. ಓಣಿಯಿಂದ ಹೋಗು.”

ಹಿತ್ತಿಲಲ್ಲಿ ಮೇಷ್ಟ್ರ ಮಗ ಶ್ರೀರಾಮ್ ಒದ್ದೆ ಪಂಚೆಯಲ್ಲಿ ಮಣೆಯ ಮೇಲೆ ಕೂತಿದ್ದ. ಬ್ಯಾಂಕಿನಲ್ಲಿ ಆಫೀಸರು. ನಿನ್ನೆಯವರೆಗೂ “ಬನ್ನಿ ರಾಜೇಂದ್ರ, ಹೇಗಿದಾರೆ ನಮ್ಮ ತಂದೆ?” ಎನ್ನುತ್ತಿದ್ದವನು. ಪಕ್ಕದಲ್ಲಿ ಬಕೆಟ್ಟು, ಚೊಂಬು.

“ಬೇಗ ಮುಗ್ಸು. ಟೈಮ್ ಆಗ್ತಾ ಇದೆ. ಹೊಸ ಬ್ಲೇಡ್ ತಾನೆ?”

“ಯಾವ ಬ್ಲೇಡ್ ಸಾರ್?”

“ಯಾಕೆ, ಸಿಂಚನಾ ಹೇಳ್ಲಿಲ್ವಾ? ನಾನು ಕರ್ಮಕ್ಕೆ ಕೂರ್ಬೇಕು. ತಲೆ ಬೋಳಿಸ್ಬೇಕು. ಬರ್ಬೇಕಾದವ್ನು ಊರಲ್ಲಿಲ್ಲ. ಸಲೂನಿನ ಹುಡುಗ್ರೆಲ್ಲ ಹಿಂದಿಯವ್ರು, ಸಾವಿನ ಮನೆಗೆ ಬರಲ್ವಂತೆ. ಅಮ್ಮನೇ ಹೇಳಿದ್ದು, ರಾಜೇಂದ್ರ ಹಜಾಮರ ಪೈಕಿನೇ ಅಲ್ವಾ, ಅವ್ನನ್ನೇ ಕರೀರಿ ಅಂತ.”

ರಾಜೇಂದ್ರ ನಲ್ಲಿಯ ಪಕ್ಕ ಬೋರಲಾಗಿದ್ದ ಲೋಟ ನೋಡಿದ. ಮೊದಲ ದಿನವೇ ಅನಂತಲಕ್ಷ್ಮಮ್ಮ “ನಿಮ್ಮದು ಯಾವ ಕಡೆಯಪ್ಪಾ, ಯಾವ ಜನ?” ಎಂದು ಕೇಳಿದ್ದರು. ಇವನು ಸುಳ್ಳು ಹೇಳಿರಲಿಲ್ಲ. ಆ ದಿನದಿಂದಲೇ ಈ ನಲ್ಲಿ, ಈ ಲೋಟ, ಈ ನೀರು. ಸೋಂಕಿಗೂ ಅದಕ್ಕೂ ಏನೂ ಸಂಬಂಧ ಇರಲಿಲ್ಲ. ಅವರು ತೊಳೆಯುತ್ತಿದ್ದದ್ದು ಎಣ್ಣೆಯ ಜಿಡ್ಡನ್ನಲ್ಲ, ಇವನನ್ನು. ಅದನ್ನೇ ಶುಚಿ ಅಂದುಕೊಂಡು ಅಪ್ಪನ ಮುಂದೆ ಹೊಗಳಿದ್ದೆನಲ್ಲ, ಥೂ ನನ್ನ ಜನ್ಮಕ್ಕೆ ಎಂದುಕೊಂಡ. ಕೋಟಿನ ಗುಂಡಿ ಹಾಕಿಕೊಂಡು ನಿಂತಿರುವುದಕ್ಕೇ ನಾಚಿಕೆಯಾಯಿತು.

“ನಾನು ಮಾಲೀಸಿನವ್ನು ಸಾರ್. ಕ್ಷೌರ ನಂಗೆ ಬರಲ್ಲ.”

“ಬರದೇ ಏನಯ್ಯಾ, ರಕ್ತದಲ್ಲೇ ಇರುತ್ತೆ. ಒಂದು ತಲೆ. ಕೇಳಿದಷ್ಟು ಕೊಡ್ತೀನಿ.”

“ಬಂದ್ರೂ ಮಾಡಲ್ಲ ಸಾರ್.”

ಹಿಂಬಾಗಿಲಲ್ಲಿ ನಿಂತಿದ್ದ ಪುರೋಹಿತರು ಅವನ ಮುಖವನ್ನೇ ನೋಡಿದರು. “ನೀನು ಕೆಂಗೇರಿ ಅಂಜಿನಯ್ಯನ ಮಗ ಅಲ್ವೇನೋ? ಅದೇ ಮೂಗು, ಅದೇ ಹಣೆ.” ಅವನು ಹೂಂ ಎಂದ. ಪುರೋಹಿತರು ಮೊಬೈಲು ತೆಗೆದುಕೊಂಡು ಆ ಕಡೆ ಹೋದರು.

ರಾಜೇಂದ್ರ ಹೊರಗೆ ಬಂದ. ಮನೆಗೆ ಹೋಗಿಬಿಡಬೇಕಿತ್ತು. ಹೋಗಲು ಕಾಲು ಬರಲಿಲ್ಲ. ಎದುರಿನ ಹೊಂಗೆ ಮರದ ಕೆಳಗೆ ನಿಂತ. ಮೇಷ್ಟ್ರನ್ನು ಹೊರಗೆ ತರುವಾಗ ಒಂದು ಸಲ ಮುಖ ನೋಡಿದರೆ ಸಾಕು. ಒಂದು ಸಲ ಆ ಕೈ ಮುಟ್ಟಿದರೆ ಸಾಕು. ಬೇರೆ ಏನೂ ಬೇಡವಾಗಿತ್ತು ಅವನಿಗೆ. ಕುರ್ಚಿಯ ಜನ ಇವನ ಕೋಟು ನೋಡಿ ಯಾವ ಆಸ್ಪತ್ರೆಯವನೋ ಎಂದು ಮಾತಾಡಿಕೊಂಡರು.

ಸ್ವಲ್ಪ ಹೊತ್ತಿಗೆ ಒಂದು ಆಟೋ ಬಂದು ನಿಂತಿತು. ಇಳಿದವನು ಅವನ ಅಪ್ಪ. ಕಂಕುಳಲ್ಲಿ ಆ ಹಳೆಯ ಮರದ ಪೆಟ್ಟಿಗೆ.

“ಅಪ್ಪಾ! ನೀನ್ಯಾಕ್ ಬಂದೆ?”

“ಐನೋರು ಫೋನ್ ಮಾಡಿದ್ರು. ನಿನ್ ಮಗ ಆಗಲ್ಲ ಅಂತಾನೆ, ಹೆಣ ಕಾಯ್ತಾ ಇದೆ ಅಂದ್ರು.”

“ನಿನ್ ಕೈ ನೋಡ್ಕೊಂಡಿದೀಯಾ? ಕಾಫಿ ಲೋಟ ನಿಲ್ಲಲ್ಲ ಅದ್ರಲ್ಲಿ. ನಡಿ ಮನೆಗೆ.”

“ಹೆಣ ಕಾಯಿಸ್ಬಾರ್ದು ಕಣೋ. ಅದೂ ನಿನ್ ಮೇಷ್ಟ್ರು.” ಅಂಜಿನಯ್ಯ ಮಗನ ಮುಖ ನೋಡಲಿಲ್ಲ. “ನೀನು ಹಿಡೀಬಾರ್ದು ಅಂತ್ಲೇ ನಾನ್ ಬಂದಿರೋದು. ದಾರಿ ಬಿಡು.”

ಆ ಮನೆಗೆ ಅಂಜಿನಯ್ಯ ಹಿಂದೆಂದೂ ಬಂದವನಲ್ಲ. ಆದರೂ ಯಾರನ್ನೂ ಕೇಳದೆ ಸೀದಾ ಓಣಿಯೊಳಗೆ ನಡೆದ. ರಾಜೇಂದ್ರ ಹಿಂದೆಯೇ ಹೋಗಿ ಗೋಡೆ ಹಿಡಿದು ನಿಂತ.

ಅಪ್ಪ ಕುಕ್ಕರುಗಾಲಲ್ಲಿ ಕೂತ. ಮೊಣಕಾಲು ಕಟಕ್ಕೆಂದಿತು. ಶ್ರೀರಾಮನ ತಲೆಗೆ ನೀರು ಹಚ್ಚಿ ತಿಕ್ಕಿದ. ಹೊಸ ಬ್ಲೇಡು ಮುರಿದು ಕತ್ತಿಗೆ ಹಾಕಲು ಎಷ್ಟೋ ಹೊತ್ತಾಯಿತು. ಬಲಗೈ ನಡುಗದಂತೆ ಎಡಗೈಯಿಂದ ಅದರ ಮಣಿಕಟ್ಟು ಹಿಡಿದುಕೊಂಡ. ಹಣೆಯಿಂದ ನೆತ್ತಿಗೆ, ನೆತ್ತಿಯಿಂದ ಹಿಂದಕ್ಕೆ ಎಳೆದ. ಒಂದು ಪಕ್ಕ ಬೋಳಾಯಿತು. ಎರಡನೇ ಪಕ್ಕಕ್ಕೆ ಕೈ ಹೋಗುವಾಗ ನಡುಕ ಜಾಸ್ತಿಯಾಯಿತು. ಕಿವಿಯ ಮೇಲೆ ಕತ್ತಿ ಜಾರಿತು. 

ರಕ್ತ ಕೆನ್ನೆಗೆ ಇಳಿಯಿತು. ಶ್ರೀರಾಮ್ ಹೌಹಾರಿ ಎದ್ದು ಅಂಜಿನಯ್ಯನ ಎದೆಗೆ ಕೈ ಹಾಕಿ ನೂಕಿದ. ಮುದುಕ ಒಗೆಯುವ ಕಲ್ಲಿನ ಪಕ್ಕ ಬಿದ್ದ. ಕತ್ತಿ ಚರಂಡಿಯ ಬಾಯಿಗೆ ಹೋಗಿ ಬಿತ್ತು.

“ಕುಡ್ಕೊಂಡ್ ಬಂದಿದೀಯೇನೋ ಮುದ್ಕಾ?”

“ತಪ್ಪಾಯ್ತು ಬುದ್ಧಿ. ತಪ್ಪಾಯ್ತು.” ಅಂಜಿನಯ್ಯ ಬಿದ್ದಲ್ಲಿಯೇ ಕೈ ಮುಗಿದ. ಮೊಣಕಾಲಿನಿಂದ ಅವನಿಗೂ ರಕ್ತ ಬರುತ್ತಿತ್ತು. ಅದನ್ನು ಯಾರೂ ನೋಡಲಿಲ್ಲ.

ಅಪ್ಪನ ಬಾಯಲ್ಲಿ ಆ ಮಾತನ್ನು ರಾಜೇಂದ್ರ ಕೇಳಿರಲಿಲ್ಲ. ಇಂಥ ಮನೆಗಳಿಗೆ ಮಗನನ್ನು ಒಂದು ದಿನವೂ ಜೊತೆಗೆ ಕರೆದೊಯ್ಯದೆ ಬೆಳೆಸಿದ್ದ ಅಪ್ಪ. ಮನೆಯಲ್ಲಿ ಹುಲಿಯಂತೆ ಗದರುತ್ತಿದ್ದವನು. ಇಷ್ಟು ವರ್ಷ ಇಷ್ಟೂ ಹಿತ್ತಿಲುಗಳಲ್ಲಿ ಹೀಗೇ ಕೈ ಮುಗಿದುಕೊಂಡು ತನ್ನನ್ನು ಸಾಕಿದನೇ? ರಾಜೇಂದ್ರ ಹಿಡಿದಿದ್ದ ಗೋಡೆ ಬಿಟ್ಟ. ಓಡಿಹೋಗಿ ಅಪ್ಪನನ್ನು ಎತ್ತಿ ಕೂರಿಸಿದ. ಕತ್ತಿ ಎತ್ತಿಕೊಳ್ಳಲು ಅಪ್ಪ ಕೈ ಚಾಚಿದ. ಅಷ್ಟರಲ್ಲಿ ಇವನೇ ಎತ್ತಿಕೊಂಡ.

ಎಲ್ಲರಿಗೂ ಸಮಾಧಾನವಾಯಿತು. ಶ್ರೀರಾಮ್ ಕಿವಿಗೆ ಟವಲು ಒತ್ತಿಕೊಂಡು ಮತ್ತೆ ಮಣೆಯ ಮೇಲೆ ಕೂತು ಬೆನ್ನು ತಿರುಗಿಸಿದ. “ಹೂಂ, ನೀನೇ ಮುಗ್ಸು ಮತ್ತೆ.”

ಅನಂತಲಕ್ಷ್ಮಮ್ಮ ಬಾಗಿಲಿಗೆ ಬಂದರು. ಅತ್ತೂ ಅತ್ತೂ ಕಣ್ಣು ಊದಿದ್ದವು. “ಮುಗಿಸಿಕೊಡಪ್ಪ ರಾಜೇಂದ್ರ. ಅವ್ರು ಒಳಗೆ ಕಾಯ್ತಾ ಇದಾರೆ. ಅವ್ರ ಮುಖ ನೋಡಿ ಮುಗಿಸಿಕೊಡು.”

ಇಲ್ಲಿ ಅವನು ಸೋತ. ಮುಚ್ಚಿಟ್ಟು ಏನು ಬಂತು, ಸೋತೇಬಿಟ್ಟ. ಒಳಗೆ ಮೇಷ್ಟ್ರು ಕೈ ಬಿಗಿಸಿಕೊಂಡು ನೆಲದ ಮೇಲೆ ಮಲಗಿದ್ದಾರೆ. ಉಳಿದ ಅರ್ಧ ತಲೆ ಬೋಳಿಸಿದರೆ ಅವರು ಹೊರಡುತ್ತಾರೆ. ನನ್ನ ಹಟಕ್ಕೆ ಅವರು ಯಾಕೆ ಕಾಯಬೇಕು ಎನ್ನಿಸಿ ಅಳು ಬಂತು.

“ಮಾಡ್ತೀನಮ್ಮಾ. ಒಂದೇ ಒಂದು ಕೇಳ್ತೀನಿ. ಒಳಗ್ ಬಂದು ಒಂದ್ಸಲ ಅವ್ರ ಕೈ ಹಿಡ್ಕೋತೀನಿ. ಆಮೇಲೆ ಬಂದು ಕೂತು ಮುಗಿಸ್ತೀನಿ.”

ಅನಂತಲಕ್ಷ್ಮಮ್ಮ ಪುರೋಹಿತರ ಕಡೆ ನೋಡಿದರು. ಅವರು ತಲೆ ಅಲ್ಲಾಡಿಸಿದರು.

“ಅಜ್ಜೀ, ದಿನಾ ಅವ್ರೇ ತಾನೆ ತಾತನ್ನ ಮುಟ್ತಿದ್ದಿದ್ದು!” ಸಿಂಚನಾ ಕಿಟಕಿಯಿಂದ ಕೂಗಿದಳು. ಯಾರೋ ಅವಳನ್ನು ಒಳಗೆ ಎಳೆದುಕೊಂಡರು.

“ಆಗ ಬದುಕಿದ್ರಲ್ಲಪ್ಪಾ,” ಎಂದರು ಅನಂತಲಕ್ಷ್ಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು. “ನೀನು ಹೋದ್ಮೇಲೆ ಸ್ನಾನ ಮಾಡಿಸ್ತಿದ್ವಿ. ಈಗ ನೀನು ಮುಟ್ಟಿದ್ರೆ ಅವ್ರಿಗೆ ಸದ್ಗತಿ ಹೇಗಪ್ಪಾ ಆಗುತ್ತೆ?”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆಕೆ ಅಳುತ್ತ, ಮೆತ್ತಗೆ, ಮಗುವಿಗೆ ತಿಳಿಹೇಳುವ ಹಾಗೆ ಹೇಳಿದರು. ರಾಜೇಂದ್ರ ಕತ್ತಿಯ ಬ್ಲೇಡು ತೆಗೆದ. ಕತ್ತಿ ಮಡಿಸಿ ಪೆಟ್ಟಿಗೆಯಲ್ಲಿಟ್ಟ. ಮುಚ್ಚಳ ಹಾಕಿದ.

“ಬೇಡಮ್ಮಾ, ಹಂಗಾದ್ರೆ. ನಿಮ್ಮ ಯಜಮಾನ್ರಿಗೆ ಮೈಲಿಗೆ ಆಗೋ ಕೈ ನಿಮ್ಮ ಮಗನ ತಲೆಗೂ ಬೇಡ.”

“ಅರ್ಧ ತಲೇಲಿ ಬಿಟ್ಟೋಗ್ತೀಯೇನೋ?” ಶ್ರೀರಾಮ್ ಮೇಲೆದ್ದ. ಒಂದು ಪಕ್ಕ ಬೋಳು, ಒಂದು ಪಕ್ಕ ಕೂದಲು, ಕೆನ್ನೆಯ ಮೇಲೆ ರಕ್ತ. ಅವನೂ ಅಳುತ್ತಿದ್ದ. “ನಮ್ಮಪ್ಪ ಸತ್ತು ಮಲಗಿದಾರೆ ಕಣೋ!”

“ನಮ್ಮಪ್ಪ ಬಿದ್ದಿದಾನೆ ನೋಡಿ ಸಾರ್ ಇಲ್ಲಿ. ಬದುಕಿದಾನೆ ಇನ್ನೂ.”

“ಈ ಏರಿಯಾದಲ್ಲಿ ಇನ್ನೊಂದು ಮನೆ ಬಾಗಿಲು ಹತ್ತು, ನೋಡ್ಕೋತೀನಿ.”

“ಹತ್ತಲ್ಲ ಬಿಡಿ. ಯಾವ ಬಾಗಿಲು ನಮಗೆ ತೆಗೆದಿತ್ತು?”

ಅಂಜಿನಯ್ಯ ಮಗನ ಕೋಟು ಹಿಡಿದು ಎಳೆದ. “ಬ್ಯಾಡ ಮಗಾ. ಸತ್ತೋರ ಶಾಪ ಕಣೋ. ಪಾಪ ಬರುತ್ತೆ. ನಾನೇ ಮುಗಿಸ್ತೀನಿ, ಬಿಡು.”

“ಬರ್ಲಿ ಅಪ್ಪಾ. ಬಂದಿದ್ದೆಲ್ಲ ನಂಗೇ ಬರ್ಲಿ. ಏಳು.”

ಅಪ್ಪನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದ. ರೋಗಿಯನ್ನು ಎಬ್ಬಿಸುವ ಹಾಗೆ, ಸೊಂಟಕ್ಕೆ ಭಾರ ಬೀಳದಂತೆ. ನಲ್ಲಿಯಲ್ಲಿ ಅವನ ಮೊಣಕಾಲು ತೊಳೆದು ಟವಲು ಕಟ್ಟಿದ. ಹಿತ್ತಿಲು ತುಂಬ ಬೈಗುಳ. ಇಬ್ಬರೂ ಓಣಿಯಿಂದ ಹೊರಗೆ ಬಂದು, ಕುರ್ಚಿಗಳ ನಡುವೆ ನಡೆದು ರಸ್ತೆಗೆ ಬಿದ್ದರು. ಯಾರೋ ಒಬ್ಬರು ಕುರ್ಚಿ ಹಿಂದಕ್ಕೆ ಎಳೆದುಕೊಂಡರು.

ಅಂಜಿನಯ್ಯನಿಗೆ ಮೆಟ್ರೋವರೆಗೆ ನಡೆಯಲು ಆಗಲಿಲ್ಲ. ದೊಡ್ಡ ರಸ್ತೆಯ ಬಸ್‌ಸ್ಟಾಪಿನಲ್ಲಿ ಕೂತರು. ಎಷ್ಟೋ ಬಸ್ಸು ಬಂದವು, ಹೋದವು. ಆಮೇಲೆ ಹೂವಿನ ಹಾರ ಹಾಕಿದ ವ್ಯಾನು ಬಂತು. ಮುಂದೆ ಡ್ರೈವರ್ ಪಕ್ಕ ಶ್ರೀರಾಮ್ ತಲೆಗೆ ಬಿಳಿ ಟವಲು ಸುತ್ತಿಕೊಂಡು ಕೂತಿದ್ದ. ಸಿಗ್ನಲ್ ಬಿತ್ತು. ವ್ಯಾನು ಅವರ ಎದುರಿಗೇ ನಿಂತಿತು. ಹಿಂದಿನ ಗಾಜು ಮಂಜುಮಂಜಾಗಿತ್ತು. ಮುಖ ಕಾಣಲಿಲ್ಲ. ಅಂಜಿನಯ್ಯ ಕಷ್ಟಪಟ್ಟು ಎದ್ದು ನಿಂತು ಕೈ ಮುಗಿದ. ರಾಜೇಂದ್ರ ಏಳಲಿಲ್ಲ. ಮೊಣಕಾಲುಗಳ ನಡುವೆ ಕೈ ಬಿಗಿಹಿಡಿದು ಕೂತಿದ್ದ. ಹಸಿರು ಬಿತ್ತು, ವ್ಯಾನು ಹೋಯಿತು.

“ಆಟೋ ಹಿಡಿದು ಹೋಗಣ್ವಾ ಮಗಾ?” ಎಂದ ಅಪ್ಪ. “ಸ್ಮಶಾನದ ಗೇಟ್ ಹತ್ರ ನಿಂತ್ಕೊಂಡ್ರೆ ಯಾರೂ ಏನೂ ಅನ್ನಲ್ಲ. ದೂರದಿಂದ ನೋಡ್ಕೊಂಡ್ ಬರಣ.”

“ಮೈಯೆಲ್ಲಾ ತೊಳೆದಿದೀನಿ ಕಣಪ್ಪಾ ಅವ್ರದ್ದು. ದೂರದಿಂದ ನೋಡಕ್ಕೆ ನಂಗೆ ಬರಲ್ಲ.”

ಅಷ್ಟು ಹೇಳಿ ರಾಜೇಂದ್ರ ಬಸ್‌ಸ್ಟಾಪಿನಲ್ಲಿ, ಅಷ್ಟು ಜನರ ಮುಂದೆ, ಬಾಯಿ ಬಿಟ್ಟು ಅತ್ತ. ಅಂಜಿನಯ್ಯ ಪಕ್ಕದಲ್ಲಿ ಕೂತು ಅವನ ಬೆನ್ನ ಮೇಲೆ ಕೈ ಇಟ್ಟ. ಆ ಕೈ ನಡುಗುತ್ತಲೇ ಇತ್ತು. ಆದರೂ ಅಪ್ಪ ತೆಗೆಯಲಿಲ್ಲ.